ಬೆಳೆಯದ ನೀಲಿಗೆ ತೆತ್ತ ದಂಡ

1910ರ ಆಸುಪಾಸಿನಲ್ಲಿ ಬಿಹಾರದ ಚಂಪಾರಣ್ ಜಿಲ್ಲೆಯ ರೈತರು ಒಂದು ವಿಚಿತ್ರ ಬಾಬ್ತಿಗೆ ಹಣ ಕಟ್ಟುತ್ತಿದ್ದರು. ಬೆಳೆದದ್ದಕ್ಕಲ್ಲ, ಬೆಳೆಯದೆ ಇರುವುದಕ್ಕೆ. ಆ ವಸೂಲಿಗೆ ‘ತಾವಾನ್’ ಎಂದು ಹೆಸರು. ನಷ್ಟಪರಿಹಾರ ಎಂದು ಅರ್ಥ. ನಷ್ಟ ಯಾರದು? ನೀಲಿ ಕೋಠಿಗಳ ಯುರೋಪಿಯನ್ ಮಾಲೀಕರದು. ತಲೆಮಾರುಗಳಿಂದ ರೈತನ ಹೊಲದಲ್ಲಿ ಬಲವಂತವಾಗಿ ನೀಲಿ ಬೆಳೆಸಿಕೊಂಡು ಬಂದವರು ಈಗ, ‘ಇನ್ನು ನಿನ್ನ ನೀಲಿ ನಮಗೆ ಬೇಡ, ಆ ಕರಾರಿನಿಂದ ನಿನ್ನನ್ನು ಬಿಟ್ಟುಬಿಡುತ್ತೇವೆ, ಬಿಟ್ಟದ್ದಕ್ಕೆ ಬೆಲೆ ಕೊಡು’ ಎಂದರು. ಒಂದು ಬಿಘಾ ನೆಲಕ್ಕೆ ನೂರು ರೂಪಾಯಿವರೆಗೂ ಎಳೆದರು. ಕೈಯಲ್ಲಿ ಕಾಸಿಲ್ಲದವನಿಂದ ಬಡ್ಡಿಪತ್ರ ಬರೆಸಿಕೊಂಡರು.

ನೀಲಿ ಬೇಡವಾದದ್ದಕ್ಕೆ ಕಾರಣ ಚಂಪಾರಣ್‌ನಲ್ಲಿರಲಿಲ್ಲ. ಜರ್ಮನಿಯ ರೈನ್ ನದಿ ದಂಡೆಯ ಲುಡ್ವಿಗ್ಸ್‌ಹಾಫೆನ್ ಊರಿನ ಕಾರ್ಖಾನೆಯೊಂದು 1897ರಲ್ಲಿ ಕಲ್ಲಿದ್ದಲ ಟಾರಿನಿಂದ ಮಾಡಿದ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಗಿಡದ ನೀಲಿ ಕುಸಿಯಿತು. ಕುಸಿದ ಭಾರ ಬಿದ್ದದ್ದು ಮಾತ್ರ ಅದನ್ನು ಬೇಡಬೇಡವೆಂದರೂ ಬೆಳೆಯಬೇಕಾಗಿದ್ದವನ ತಲೆಯ ಮೇಲೆ.

ಈಗ ಕೈಮಗ್ಗದ ಮೇಳಗಳಲ್ಲಿ ‘ಸಹಜ ಬಣ್ಣ’ ಎಂಬ ಚೀಟಿ ಅಂಟಿಸಿದ ಬಟ್ಟೆಗೆ ಹೆಚ್ಚು ಬೆಲೆ. ಗಿಡದಿಂದ ಬಂದದ್ದು ಒಳ್ಳೆಯದು, ಕಾರ್ಖಾನೆಯಿಂದ ಬಂದದ್ದು ಕೆಟ್ಟದ್ದು ಎಂದು ನಾವು ಸಲೀಸಾಗಿ ಗೆರೆ ಎಳೆದುಬಿಟ್ಟಿದ್ದೇವೆ. ನೀಲಿಯ ಚರಿತ್ರೆ ಆ ಗೆರೆಯ ಯಾವ ಬದಿಯಲ್ಲೂ ಕೂರುವುದಿಲ್ಲ. ಗಿಡದ ನೀಲಿಯಷ್ಟು ಏಟು ತಿನ್ನಿಸಿದ ಬಣ್ಣ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ಸೋಜಿಗವೆಂದರೆ ನೀಲಿ ಗಿಡದ ಎಲೆಯಲ್ಲಿ ನೀಲಿಯೇ ಇರುವುದಿಲ್ಲ. ತೊಗರಿ, ಹುರುಳಿಗಳ ಕುಟುಂಬಕ್ಕೇ ಸೇರಿದ ಈ ಗಿಡದ ಎಲೆಯಲ್ಲಿರುವುದು ಇಂಡಿಕಾನ್ ಎಂಬ ಬಣ್ಣವಿಲ್ಲದ ವಸ್ತು. ಕೊಯ್ದ ಗಿಡವನ್ನು ಹೊರೆಗಟ್ಟಲೆ ತೊಟ್ಟಿಗೆ ತುಂಬಿ, ನೀರು ಬಿಟ್ಟು, ಮೇಲೆ ಭಾರ ಹೇರಿ ಕೊಳೆಯಲು ಬಿಟ್ಟರೆ ಇಂಡಿಕಾನ್ ಒಡೆಯುತ್ತದೆ. ಹಸಿರು ಹಳದಿ ಮಿಶ್ರವಾದ ಆ ನೀರನ್ನು ಕೆಳಗಿನ ತೊಟ್ಟಿಗೆ ಹರಿಸಿ, ಕೂಲಿಗಳು ಅದರೊಳಗೆ ಸೊಂಟಮಟ್ಟ ನಿಂತು ಹುಟ್ಟುಗಳಿಂದ ಗಂಟೆಗಟ್ಟಲೆ ಬಡಿಯಬೇಕು. ಗಾಳಿ ಬೆರೆತಂತೆಲ್ಲ ನೀರು ನೀಲಿಗಟ್ಟಿ ಗಸಿ ತಳಕ್ಕಿಳಿಯುತ್ತದೆ. ಗಸಿಯನ್ನು ಕುದಿಸಿ, ಸೋಸಿ, ಒತ್ತಿ, ಬಿಲ್ಲೆ ಕತ್ತರಿಸಿ, ಕೋಠಿಯ ಮುದ್ರೆಯೊತ್ತಿ ನೆರಳಿನಲ್ಲಿ ಒಣಗಿಸಿದರೆ ಪೆಟ್ಟಿಗೆಗೆ ತುಂಬುವ ಸರಕು ತಯಾರು.

ಬಟ್ಟೆಗೆ ಹಚ್ಚುವುದು ಇನ್ನೊಂದು ವಿದ್ಯೆ. ಈ ಬಿಲ್ಲೆ ನೀರಿನಲ್ಲಿ ಕರಗುವುದಿಲ್ಲ. ದಕ್ಷಿಣದ ಬಣ್ಣಗಾರರು ಬಾನಿಯಲ್ಲಿ ನೀಲಿಯ ಜೊತೆ ಸುಣ್ಣ ಮತ್ತು ಬೇಯಿಸಿದ ತಗಚೆ ಬೀಜ ಹಾಕಿ ದಿನಗಟ್ಟಲೆ ಹುಳಿಸುತ್ತಿದ್ದರು. ಹುದುಗು ಎದ್ದಾಗ ನೀಲಿ ತನ್ನ ಬಣ್ಣ ಕಳೆದುಕೊಂಡು ಕರಗುತ್ತದೆ. ಅದ್ದಿದ ನೂಲು ಹಳದಿಗೆ ತಿರುಗಿದ ಹಸಿರಾಗಿ ಹೊರಬಂದು, ಗಾಳಿ ತಗುಲಿದೊಡನೆ ಕಣ್ಣೆದುರೇ ನೀಲಿಯಾಗುತ್ತದೆ. ಹೆಚ್ಚು ಅದ್ದಿದಷ್ಟೂ ಹೆಚ್ಚು ಕಪ್ಪು. ಧಾರವಾಡ ಕಡೆ ಕಸೂತಿ ಹಾಕುವ ಚಂದ್ರಕಾಳಿ ಸೀರೆಯ ಕಪ್ಪು ಹೀಗೆ ನೀಲಿಯಲ್ಲೇ ತಂದ ಕಪ್ಪು. ಆ ಸೀಮೆಯಲ್ಲಿ ಈ ಕಸುಬಿನವರನ್ನು ನೀಲಗಾರರು ಎನ್ನುತ್ತಿದ್ದರು. 1884ರ ಬಾಂಬೆ ಗೆಜೆಟಿಯರಿನ ಧಾರವಾಡ ಸಂಪುಟದಲ್ಲಿ ಅವರ ಹೆಸರಿದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಕೂಡ ಸಿಕ್ಕ ಸಿಕ್ಕ ಬಣ್ಣಗಾರರನ್ನು ಕೂರಿಸಿಕೊಂಡು ಅವರ ಪಾಕಗಳನ್ನು ಅಳತೆ ಸಮೇತ ಬರೆದುಕೊಂಡ. ಈಸ್ಟ್ ಇಂಡಿಯಾ ಕಂಪನಿಯ ನೌಕರನಿಗೆ ಅಷ್ಟು ಕುತೂಹಲ ಸುಮ್ಮನೆ ಬರುವುದಿಲ್ಲ. ಗೆದ್ದ ನೆಲದಲ್ಲಿ ಏನೇನು ಸಿಗುತ್ತದೆಂಬ ಪಟ್ಟಿ ಅವನಿಗೆ ಬೇಕಾಗಿತ್ತು.

ಕಂಪನಿಗೆ ಆ ಹೊತ್ತಿಗೆ ನೀಲಿಯ ರುಚಿ ಹತ್ತಿತ್ತು. ಯುರೋಪಿನವರಿಗೆ ತಮ್ಮದೇ ಆದ ವೋಡ್ ಎಂಬ ನೀಲಿ ಸೊಪ್ಪಿತ್ತು. ಬಣ್ಣ ಮಂಕು. ಭಾರತದ ನೀಲಿ ಹಡಗಿನಲ್ಲಿ ಬರತೊಡಗಿದಾಗ ವೋಡ್ ಬೆಳೆಗಾರರು ಗಲಾಟೆ ಎಬ್ಬಿಸಿ, ದೊರೆಗಳಿಂದ ನಿಷೇಧ ಹಾಕಿಸಿದರು. ಜರ್ಮನ್ ಸೀಮೆಯಲ್ಲಂತೂ ಅದನ್ನು ಸೈತಾನನ ಬಣ್ಣವೆಂದು ಕರೆದದ್ದೂ ಆಯಿತು. ನಿಷೇಧ ನಿಲ್ಲಲಿಲ್ಲ. 18ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಅಮೆರಿಕದ ದಕ್ಷಿಣ ಕೆರೊಲಿನಾದಿಂದಲೂ ಕೆರಿಬಿಯನ್ ದ್ವೀಪಗಳಿಂದಲೂ ನೀಲಿ ಬರುತ್ತಿತ್ತು. ಎರಡೂ ಕಡೆ ಬೆಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಅಮೆರಿಕ ಸ್ವತಂತ್ರವಾಯಿತು, 1791ರಲ್ಲಿ ಫ್ರೆಂಚರ ಸ್ಯಾಂ ದೊಮಿಂಗ್ ದ್ವೀಪದಲ್ಲಿ ಗುಲಾಮರು ದಂಗೆಯೆದ್ದರು. ಖಾಲಿಯಾದ ಜಾಗಕ್ಕೆ ಬಂಗಾಳ ಬಂತು. 1788ರಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ನೀಲಿಯಲ್ಲಿ ಭಾರತದ ಪಾಲು ಸುಮಾರು ಶೇ 30. 1810ರ ಹೊತ್ತಿಗೆ ಶೇ 95.

ಇಷ್ಟು ಬೇಗ ಇಷ್ಟು ಬೆಳೆ ಬಂದದ್ದು ಹೇಗೆ? ಪ್ಲಾಂಟರುಗಳು ಸ್ವಂತ ಜಮೀನಿನಲ್ಲಿ ಬೆಳೆಯಲು ಹೋಗಲಿಲ್ಲ. ಅದಕ್ಕೆ ನೇಗಿಲು ಬೇಕು, ಎತ್ತು ಬೇಕು, ಭತ್ತದ ಕೆಲಸವಿರುವ ಹೊತ್ತಿಗೇ ಆಳು ಬೇಕು. ಬದಲಿಗೆ ರೈತನಿಗೆ ಬಿಘಾಕ್ಕೆ ಎರಡು ರೂಪಾಯಿಯಂತೆ ಮುಂಗಡ ಕೊಟ್ಟು ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ‘ದಾದನ್’ ಪದ್ಧತಿ ಹಿಡಿದರು. ಯಾವ ತುಂಡಿನಲ್ಲಿ ನೀಲಿ ಬಿತ್ತಬೇಕೆಂದು ಗುರುತು ಹಾಕುವವನು ಕೋಠಿಯ ಆಳು. ಅವನ ಕಣ್ಣು ಬೀಳುವುದು ಒಳ್ಳೆಯ ಭತ್ತದ ಮಣ್ಣಿನ ಮೇಲೆಯೇ. ಕೊಯ್ದ ಸೊಪ್ಪನ್ನು ಕಬ್ಬಿಣದ ಸರಪಳಿ ಸುತ್ತಿ ಕಟ್ಟಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಸರಪಳಿ ಎಷ್ಟು ಬಿಗಿಯಬೇಕೆಂಬುದೂ ಅವರ ಮರ್ಜಿ. ಬೀಜದ ಬೆಲೆ, ಗಾಡಿ ಬಾಡಿಗೆ, ಗುಮಾಸ್ತನ ಮಾಮೂಲು ಕಳೆದರೆ ರೈತನ ಹೆಸರಿನಲ್ಲಿ ಉಳಿಯುವುದು ಸಾಲ. ಅಪ್ಪನ ದಾದನ್ ಮಗನ ಖಾತೆಗೆ ಏರುತ್ತಿತ್ತು. ಬಿತ್ತಲಾರೆ ಎಂದವನನ್ನು ಲಾಠಿಯಾಳುಗಳು ಎಳೆದೊಯ್ದು ಕೋಠಿಯ ಗೋದಾಮಿನಲ್ಲಿ ಕೂಡಿಹಾಕುತ್ತಿದ್ದರು, ದನ ಹೊಡೆದುಕೊಂಡು ಹೋಗುತ್ತಿದ್ದರು. ಫರೀದ್‌ಪುರದಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ಡಿ ಲಾಟೂರ್ ಎಂಬ ಇಂಗ್ಲಿಷ್ ಅಧಿಕಾರಿಯೇ ಮುಂದೆ ಸಾಕ್ಷಿ ನುಡಿಯುತ್ತಾ, ಮನುಷ್ಯರ ರಕ್ತದ ಕಲೆಯಿಲ್ಲದ ಒಂದು ಪೆಟ್ಟಿಗೆ ನೀಲಿಯೂ ಇಂಗ್ಲೆಂಡ್ ತಲುಪಿಲ್ಲ ಎಂಬ ಅರ್ಥದ ಮಾತು ಆಡಿದ.

1859ರಲ್ಲಿ ನದಿಯಾ ಜಿಲ್ಲೆಯ ರೈತರು ಬಿತ್ತುವುದಿಲ್ಲವೆಂದರು. ಚೌಗಾಛಾ ಗ್ರಾಮದ ವಿಷ್ಣುಚರಣ ಬಿಸ್ವಾಸ್, ದಿಗಂಬರ ಬಿಸ್ವಾಸ್ ಮೊದಲು ಎದ್ದವರು. ಕೋಠಿಯ ಒಳಹೊರಗು ಬಲ್ಲವರು ಇವರು. ಹಿಂದೆ ಅಲ್ಲೇ ನೌಕರಿ ಮಾಡಿದ್ದರು. ಬಾರಾಸಾತ್‌ನ ಮ್ಯಾಜಿಸ್ಟ್ರೇಟ್ ಆಶ್ಲಿ ಈಡನ್, ತನ್ನ ಹೊಲದಲ್ಲಿ ಏನು ಬಿತ್ತಬೇಕೆಂಬುದು ರೈತನಿಗೆ ಬಿಟ್ಟದ್ದು ಎಂದು ಹೊರಡಿಸಿದ ಆಜ್ಞೆ ಬಾಯಿಂದ ಬಾಯಿಗೆ ಹಬ್ಬಿ, ಸರ್ಕಾರವೇ ನೀಲಿ ನಿಲ್ಲಿಸಿದೆ ಎಂಬ ಸುದ್ದಿಯಾಯಿತು. ನದಿಯಾ, ಜೆಸ್ಸೋರ್, ಪಾಬ್ನಾ ಸೀಮೆಗಳಲ್ಲಿ ಹಳ್ಳಿಗೆ ಹಳ್ಳಿಯೇ ಒಂದಾಯಿತು. ಕೈಗೆ ಸಿಕ್ಕಿದ್ದೇ ಆಯುಧ. ಹೆಂಗಸರು ಪಾತ್ರೆ ಪಡಗ ಹಿಡಿದು ನಿಂತರು. ಎರಡೇ ವರ್ಷದ ಹಿಂದೆ 1857 ಕಂಡಿದ್ದ ವೈಸ್‌ರಾಯ್ ಕ್ಯಾನಿಂಗ್‌ಗೆ, ದೆಹಲಿಯ ದಿನಗಳ ನಂತರ ಇಷ್ಟು ಕಳವಳ ತಂದದ್ದು ಬೇರೆ ಯಾವುದೂ ಇಲ್ಲವೆನ್ನಿಸಿತು. ಯಾರಾದರೂ ತಲೆಕೆಟ್ಟ ಪ್ಲಾಂಟರ್ ಒಂದು ಗುಂಡು ಹಾರಿಸಿದರೆ ಕೆಳಬಂಗಾಳದ ಕೋಠಿಗಳೆಲ್ಲ ಉರಿದುಹೋಗಬಹುದೆಂದು ಅವನಿಗೆ ಭಯ.

ಸರ್ಕಾರ ಎರಡು ಕೆಲಸ ಒಟ್ಟಿಗೆ ಮಾಡಿತು. ಆ ಹಂಗಾಮಿನ ಮಟ್ಟಿಗೆ ಕರಾರು ಮುರಿದ ರೈತನನ್ನು ಶಿಕ್ಷಿಸುವ ಕಾನೂನು ತಂದಿತು. ಜೊತೆಗೆ ಸೀಟನ್-ಕಾರ್ ಅಧ್ಯಕ್ಷತೆಯಲ್ಲಿ 1860ರಲ್ಲಿ ನೀಲಿ ಆಯೋಗವನ್ನೂ ನೇಮಿಸಿತು. ಆಯೋಗ ಕೇಳಿದ 134 ಸಾಕ್ಷಿಗಳಲ್ಲಿ 77 ಮಂದಿ ರೈತರು. ಕಂಪನಿ ಆಡಳಿತದಲ್ಲಿ ರೈತನ ಮಾತನ್ನು ಇಷ್ಟು ಸಾಲಾಗಿ ಬರೆದುಕೊಂಡ ಉದಾಹರಣೆ ಅಪರೂಪ, ರಾಣಿಯ ಆಡಳಿತದಲ್ಲೂ. ನೀಲಿ ಬೆಳೆಯುವುದಕ್ಕಿಂತ ಬೇಡಿ ತಿನ್ನುತ್ತೇನೆ, ಸಾಯುತ್ತೇನೆ ಎಂದವರೇ ಹೆಚ್ಚು. ಅದೇ ವರ್ಷ ಲೆಫ್ಟಿನೆಂಟ್ ಗವರ್ನರ್ ಜಾನ್ ಪೀಟರ್ ಗ್ರಾಂಟ್ ಕುಮಾರ್ ಮತ್ತು ಕಾಲಿಗಂಗಾ ನದಿಗಳಲ್ಲಿ ದೋಣಿ ಪ್ರಯಾಣ ಮಾಡಿದಾಗ ಬೆಳಗಿನಿಂದ ಸಂಜೆಯವರೆಗೆ, ಅರವತ್ತು ಎಪ್ಪತ್ತು ಮೈಲಿ, ಎರಡೂ ದಡಗಳಲ್ಲಿ ಜನ ನ್ಯಾಯ ಕೇಳುತ್ತಾ ನಿಂತಿದ್ದರು. ಯಾರೂ ಅವನ ಮೇಲೆ ಕಲ್ಲೆಸೆಯಲಿಲ್ಲ. ಅದರಿಂದಲೇ ಅವನು ಹೆಚ್ಚು ಅಂಜಿದಂತೆ ಕಾಣುತ್ತದೆ.

ದೀನಬಂಧು ಮಿತ್ರರು ನೀಲಿ ರೈತರ ಪಾಡಿನ ಮೇಲೆ ಬರೆದ ‘ನೀಲ್ ದರ್ಪಣ್’ ನಾಟಕ ಢಾಕಾದಲ್ಲಿ ಅಚ್ಚಾದದ್ದು ಆ ವರ್ಷವೇ, ಕರ್ತೃವಿನ ಹೆಸರಿಲ್ಲದೆ. ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ ಮೇಲೆ ಪ್ಲಾಂಟರುಗಳು ಮಾನನಷ್ಟದ ಮೊಕದ್ದಮೆ ಹೂಡಿದರು. 1861ರಲ್ಲಿ ಒಂದು ತಿಂಗಳ ಜೈಲು, ಸಾವಿರ ರೂಪಾಯಿ ದಂಡ ಆಯಿತು. ದಂಡದ ಹಣವನ್ನು ಬಂಗಾಳಿ ಲೇಖಕ ಕಾಲಿಪ್ರಸನ್ನ ಸಿಂಹ ನ್ಯಾಯಾಲಯದಲ್ಲೇ ಕಟ್ಟಿದರು. ಬಂಗಾಳದಲ್ಲಿ ನೀಲಿಯ ಕತೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಪ್ಲಾಂಟರುಗಳು ಬಿಹಾರಕ್ಕೆ, ತಿರ್ಹುತ್ ಮತ್ತು ಚಂಪಾರಣ್ ಕಡೆಗೆ ಸರಿದರು. ಬಂಗಾಳದ ರೈತ ತನ್ನ ಬಲದಿಂದಲೇ ನೀಲಿಯನ್ನು ಓಡಿಸಿದ್ದ. ಯಾವ ರಸಾಯನಶಾಸ್ತ್ರಜ್ಞನ ಸಹಾಯವೂ ಅವನಿಗೆ ಬೇಕಾಗಿರಲಿಲ್ಲ. ಇದನ್ನು ನೆನಪಿಡಬೇಕು, ಮುಂದಿನದು ಅದಕ್ಕೆ ತದ್ವಿರುದ್ಧ.

ಬಂಗಾಳದಲ್ಲಿ ದಂಗೆ ಏಳುವುದಕ್ಕೆ ಮೂರು ವರ್ಷ ಮೊದಲು, 1856ರ ಈಸ್ಟರ್ ರಜೆಯಲ್ಲಿ, ಲಂಡನ್ನಿನ ಪೂರ್ವ ಭಾಗದ ಮನೆಯೊಂದರಲ್ಲಿ ಹದಿನೆಂಟರ ಹುಡುಗ ವಿಲಿಯಂ ಹೆನ್ರಿ ಪರ್ಕಿನ್ ಮಲೇರಿಯಾ ಔಷಧಿ ಕ್ವಿನೈನನ್ನು ಕಲ್ಲಿದ್ದಲ ಟಾರಿನಿಂದ ಮಾಡಲು ಹೊರಟಿದ್ದ. ಟಾರು ಆಗ ಕಸ. ಬೀದಿದೀಪಕ್ಕೆ ಗ್ಯಾಸ್ ತಯಾರಿಸುವಾಗ ಉಳಿಯುವ ಕರಿ ಅಂಟು. ಕ್ವಿನೈನ್ ಸಿಗಲಿಲ್ಲ. ಪಾತ್ರೆ ತಳದ ಕಪ್ಪು ಕಿಲುಬನ್ನು ಮದ್ಯಸಾರದಲ್ಲಿ ತೊಳೆದಾಗ ನೇರಳೆ ಬಂತು, ರೇಷ್ಮೆಗೆ ಹಚ್ಚಿದರೆ ಹಿಡಿಯಿತು. ಆಗಸ್ಟ್‌ನಲ್ಲಿ ಪೇಟೆಂಟ್, ಮರುವರ್ಷ ಗ್ರೀನ್‌ಫರ್ಡ್‌ನಲ್ಲಿ ಕಾರ್ಖಾನೆ. 1858ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ನಸುನೇರಳೆ ಉಡುಪು ತೊಟ್ಟಳು. ಮುಂದಿನದನ್ನು ಊಹಿಸಿಕೊಳ್ಳಬಹುದು. ಅದಕ್ಕೆ ಮೊದಲು ಅಪ್ಪಟ ನೇರಳೆ ಬೇಕೆಂದರೆ ಮೆಡಿಟರೇನಿಯನ್ ಕಡಲ ಬಸವನಹುಳು ಕೊಲ್ಲಬೇಕಿತ್ತು. 1909ರಲ್ಲಿ ಪೌಲ್ ಫ್ರೀಡ್‌ಲೆಂಡರ್ ಎಂಬ ರಸಾಯನಶಾಸ್ತ್ರಜ್ಞ ಲೆಕ್ಕ ಹಾಕಿಯೇ ನೋಡಿದ: 12,000 ಹುಳುಗಳಿಂದ 1.4 ಗ್ರಾಂ ಬಣ್ಣ. ರೋಮಿನ ದೊರೆಗಳ ಆ ನೇರಳೆ ನಮ್ಮ ನೀಲಿಯದೇ ಅಣುವಿಗೆ ಎರಡು ಬ್ರೋಮಿನ್ ಅಂಟಿದ ರೂಪ ಎಂದು ಅವನು ಕಂಡುಕೊಂಡ.

ಪರ್ಕಿನ್ ಇಂಗ್ಲೆಂಡಿನವನಾದರೂ ಲಾಭ ಜರ್ಮನಿಗೆ ಹೋಯಿತು. ಅವನ ಗುರು ಹಾಫ್‌ಮನ್ ಬರ್ಲಿನ್ನಿಗೆ ವಾಪಸಾದ. ಹೋಕ್ಸ್ಟ್, ಬಾಯರ್, ಬಿಎಎಸ್ಎಫ್ ಮೂರೂ 1863-65ರ ನಡುವೆ ಹುಟ್ಟಿದ ಕಂಪನಿಗಳು. ಕಾರ್ಖಾನೆಯೊಳಗೇ ಪ್ರಯೋಗಾಲಯ ಕಟ್ಟಿ, ವಿಶ್ವವಿದ್ಯಾಲಯದಿಂದ ಹುಡುಗರನ್ನು ಸಾಲುಸಾಲಾಗಿ ತಂದು ಕೂರಿಸುವ ಪದ್ಧತಿ ಇವರದು. ಮೊದಲ ದೊಡ್ಡ ಬೇಟೆ ಕೆಂಪು. ಯುರೋಪಿನವರು ಮ್ಯಾಡರ್ ಎನ್ನುವ, ನಮ್ಮ ಮಂಜಿಷ್ಠದ ಹತ್ತಿರದ ನೆಂಟನಾದ ಗಿಡದ ಬೇರಿನಲ್ಲಿರುವ ಅಲಿಜರಿನ್ನನ್ನು ಗ್ರೇಬೆ ಮತ್ತು ಲೀಬರ್‌ಮನ್ 1869ರಲ್ಲಿ ಟಾರಿನಿಂದ ಮಾಡಿದರು. ಲಂಡನ್ನಿನಲ್ಲಿ ಇದರ ಪೇಟೆಂಟ್ ಅರ್ಜಿ ಜೂನ್ 25ಕ್ಕೆ ಬಿಎಎಸ್ಎಫ್ ಪರವಾಗಿ, 26ಕ್ಕೆ ಪರ್ಕಿನ್ ಕಡೆಯಿಂದ ದಾಖಲಾಯಿತು. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಮ್ಯಾಡರ್ ಹೊಲಗಳು ಕೆಲವೇ ವರ್ಷದಲ್ಲಿ ಬರಿದಾದವು. ಫ್ರೆಂಚ್ ಸಿಪಾಯಿಗಳು ಮಾತ್ರ 1914ರವರೆಗೆ ಕೆಂಪು ಚಲ್ಲಣ ಬಿಡಲಿಲ್ಲ, ಆ ಕೆಂಪು ಶತ್ರುದೇಶದಿಂದಲೇ ಬರತೊಡಗಿದ್ದರೂ. ದಖ್ಖನಿನಲ್ಲೂ ಮದ್ದಿ ಬೇರಿನ ಕೆಂಪು ಹಚ್ಚುತ್ತಿದ್ದ ಬಣ್ಣಗಾರರ ಕೈಗೆ ಡಬ್ಬಿಯ ಅಲಿಜರಿನ್ ಬಂತು. ವಾರಗಟ್ಟಲೆಯ ಕೆಲಸ ಒಂದೆರಡು ದಿನಕ್ಕಿಳಿದಾಗ ಬೇಡವೆನ್ನುವವರು ಯಾರು?

ನೀಲಿ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅಡಾಲ್ಫ್ ಫಾನ್ ಬೇಯರ್ 1865ರಲ್ಲಿ ಅದರ ಹಿಂದೆ ಬಿದ್ದು 1880ರಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ, 1883ರ ಹೊತ್ತಿಗೆ ಅಣುವಿನ ರಚನೆ ಹೇಳಿದ. ಆದರೆ ಅವನ ದಾರಿಯಲ್ಲಿ ಮಾಡಿದ ನೀಲಿ ಬಂಗಾರದಷ್ಟು ದುಬಾರಿ. ಗಿಡದ ನೀಲಿಯ ಮುಂದೆ ನಿಲ್ಲುವಂತಿರಲಿಲ್ಲ. 1890ರಲ್ಲಿ ಜ್ಯೂರಿಕ್‌ನ ಕಾರ್ಲ್ ಹಾಯ್ಮನ್ ಬೇರೆ ದಾರಿ ತೋರಿಸಿದ. ಅದಕ್ಕೆ ಬೇಕಾದ ಮೂಲವಸ್ತು ನ್ಯಾಫ್ತಲೀನ್, ಬಟ್ಟೆ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ. ಟಾರಿನಲ್ಲಿ ಬೇಕಾದಷ್ಟಿದೆ, ಅಗ್ಗ. ತೊಡಕು ಒಂದೇ: ಅದನ್ನು ಥ್ಯಾಲಿಕ್ ಅನ್‌ಹೈಡ್ರೈಡ್ ಆಗಿ ಮಾರ್ಪಡಿಸುವ ಮೊದಲ ಹೆಜ್ಜೆ ತೆವಳುತ್ತಿತ್ತು.

ಇಲ್ಲಿ ರಸಾಯನಶಾಸ್ತ್ರದ ಪಠ್ಯಗಳೆಲ್ಲ ಒಂದು ಕತೆ ಹೇಳುತ್ತವೆ. 1896ರಲ್ಲಿ ಬಿಎಎಸ್ಎಫ್‌ನ ಓಯ್ಗನ್ ಸಾಪ್ಪರ್ ಎಂಬವನು ನ್ಯಾಫ್ತಲೀನನ್ನು ಹೊಗೆಯಾಡುವ ಗಂಧಕಾಮ್ಲದಲ್ಲಿ ಕಾಯಿಸುತ್ತಿದ್ದಾಗ ಥರ್ಮಾಮೀಟರ್ ಒಡೆದು ಪಾದರಸ ಪಾತ್ರೆಗೆ ಬಿತ್ತು, ಕ್ರಿಯೆ ಓಡತೊಡಗಿತು ಎಂದು. ಕತೆ ತೀರಾ ಚೆನ್ನಾಗಿರುವುದರಿಂದ ನನಗೆ ಸಣ್ಣ ಅನುಮಾನ. ಒಡೆದ ಥರ್ಮಾಮೀಟರು ನಿಜವೋ ಅಲ್ಲವೋ, ಪಾದರಸ ನಿಜ. ಆಮೇಲೆ ಕಾರ್ಖಾನೆಯಲ್ಲಿ ಪಾದರಸವನ್ನು ಬೇಕೆಂದೇ ಹಾಕುತ್ತಿದ್ದರು. ಈ ಆಕಸ್ಮಿಕವನ್ನು ಎತ್ತಿ ಹೇಳುವಾಗ ಅದರ ಹಿಂದಿನ ಹದಿನೇಳು ವರ್ಷ ಮರೆತುಹೋಗುತ್ತದೆ. ನೀಲಿಗಾಗಿ ಕಂಪನಿ ಸುರಿದದ್ದು 1.8 ಕೋಟಿ ಮಾರ್ಕ್. ಅಷ್ಟು ದುಡ್ಡು ಅಷ್ಟು ಕಾಲ ಹಾಕಿ ಕಾಯುವ ತಾಳ್ಮೆ ಕಲ್ಕತ್ತೆಯ ಯಾವ ನೀಲಿ ದಲ್ಲಾಳಿ ಮನೆಗೂ ಇರಲಿಲ್ಲ.

1897ರಲ್ಲಿ ಭಾರತವೇ ಮುಂಚೂಣಿಯಲ್ಲಿದ್ದ ಜಗತ್ತಿನ ಗಿಡದ ನೀಲಿ ಅಂದಾಜು 19,000 ಟನ್. 1914ರ ಹೊತ್ತಿಗೆ ಸಾವಿರ ಟನ್ನಿಗಿಳಿಯಿತು. ನಡುವೆ, 1900ರಲ್ಲಿ, ಬಿಎಎಸ್ಎಫ್‌ನ ನಿರ್ದೇಶಕ ಹೈನ್ರಿಕ್ ಫಾನ್ ಬ್ರುಂಕ್ ಬರ್ಲಿನ್ನಿನಲ್ಲಿ ಒಂದು ಭಾಷಣ ಮಾಡಿದ. ತಮ್ಮ ಕಾರ್ಖಾನೆ ವರ್ಷಕ್ಕೆ ಮಾಡುವ ನೀಲಿ ಭಾರತದ ಎರಡೂವರೆ ಲಕ್ಷ ಎಕರೆಯ ಬೆಳೆಗೆ ಸಮ ಎಂದ. ಇದು ಆ ದೇಶಕ್ಕೆ ಅನಾಹುತವೆಂದು ಮೊದಲಿಗೆ ಅನ್ನಿಸಬಹುದು, ಆದರೆ ಪದೇಪದೇ ಬರ ಬೀಳುವ ನಾಡಿನಲ್ಲಿ ಅಷ್ಟು ನೆಲ ಆಹಾರ ಧಾನ್ಯಕ್ಕೆ ಬಿಡುಗಡೆಯಾದರೆ ಒಳ್ಳೆಯದೇ ಆಗಬಹುದು ಎಂದೂ ಸೇರಿಸಿದ. ಆ ವರ್ಷ ಪಶ್ಚಿಮ ಮತ್ತು ಮಧ್ಯ ಭಾರತ ಭೀಕರ ಬರದಲ್ಲಿ ಬೇಯುತ್ತಿತ್ತು. ಅವನ ಮಾತನ್ನು ಬರೀ ವ್ಯಾಪಾರಿಯ ಸಮಜಾಯಿಷಿ ಎಂದು ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಲೆಕ್ಕ ಸರಿಯಿತ್ತು. ನೆಲ ಯಾರ ಹಿಡಿತದಲ್ಲಿದೆ ಎಂಬುದೊಂದು ಅವನ ಲೆಕ್ಕದಲ್ಲಿರಲಿಲ್ಲ.

ಬಿಹಾರದ ಪ್ಲಾಂಟರುಗಳು ಕೈಕಟ್ಟಿ ಕೂರಲಿಲ್ಲ. ಅವರೂ ರಸಾಯನಶಾಸ್ತ್ರಜ್ಞರನ್ನು ನೇಮಿಸಿದರು, ಹುದುಗಿನ ಹದ, ಬಡಿಯುವ ಯಂತ್ರ, ಗೊಬ್ಬರ ಎಲ್ಲವನ್ನೂ ಪರೀಕ್ಷಿಸಿದರು, ಹೆಚ್ಚು ಬಣ್ಣ ಕೊಡುವ ಜಾವಾ ತಳಿಯ ಬೀಜ ತರಿಸಿದರು. 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರುವಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲೂ ನೀಲಿಯ ಮೇಲೆ ಕೆಲಸ ನಡೆಯಿತು. ಜಾವಾ ತಳಿಗೆ ಸೊರಗು ರೋಗ ಬಂತು. ಬೆಲೆಯೂ ಇಳಿಯುತ್ತಲೇ ಹೋಯಿತು. ಆಗ ಅವರು ವಿಜ್ಞಾನ ಬಿಟ್ಟು ತಮಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆಗೆ ಮರಳಿದರು, ವಸೂಲಿಗೆ.

ಚಂಪಾರಣ್‌ನಲ್ಲಿದ್ದದ್ದು ‘ತೀನ್‌ಕಠಿಯಾ’. ಇಪ್ಪತ್ತು ಕಠಾದ ಬಿಘಾದಲ್ಲಿ ಮೂರು ಕಠಾ ನೀಲಿಗೆ ಮೀಸಲಿಡಲೇಬೇಕು. ನೆಲದ ಒಡೆತನ ಬೇತಿಯಾ ಸಂಸ್ಥಾನದ್ದು. ಸಾಲದಲ್ಲಿ ಮುಳುಗಿದ ಸಂಸ್ಥಾನ ಹಳ್ಳಿಗಳನ್ನು ಪ್ಲಾಂಟರುಗಳಿಗೆ ಗುತ್ತಿಗೆ ಕೊಟ್ಟಿತ್ತು. ಕೆಲವು ಕಾಯಂ ಗುತ್ತಿಗೆ, ಕೆಲವು ವಾಯಿದೆಯದು. ಕಾಯಂ ಗುತ್ತಿಗೆಯ ಹಳ್ಳಿಗಳಲ್ಲಿ ನೀಲಿಯಿಂದ ಬಿಟ್ಟದ್ದಕ್ಕೆ ಪ್ರತಿಯಾಗಿ ಗೇಣಿ ಏರಿಸಿದರು, ಇದಕ್ಕೆ ‘ಶರಹ್‌ಬೇಶಿ’ ಎಂದು ಹೆಸರು. ವಾಯಿದೆ ಹಳ್ಳಿಗಳಲ್ಲಿ ಗೇಣಿ ಏರಿಸಿದರೆ ವಾಯಿದೆ ಮುಗಿದ ಮೇಲೆ ಲಾಭ ಸಂಸ್ಥಾನದ ಪಾಲಾಗುತ್ತದೆ. ಹಾಗಾಗಿ ಅಲ್ಲಿ ಇಡುಗಂಟಾಗಿ ತಾವಾನ್. ಎಷ್ಟು ತಣ್ಣನೆಯ ಲೆಕ್ಕ ನೋಡಿ. ಇದರ ಮೇಲೆ ಕಾನೂನಿನಲ್ಲಿಲ್ಲದ ಹತ್ತಾರು ಪಟ್ಟಿಗಳು: ಸಾಹೇಬ ಕುದುರೆ ಕೊಂಡರೆ, ಆನೆ ಕೊಂಡರೆ, ಮೋಟಾರು ಕೊಂಡರೆ ಒಂದೊಂದಕ್ಕೂ ರೈತನಿಂದ ಬೇರೆ ಬೇರೆ ವಸೂಲಿ. ನೀಲಿ ಹೋಯಿತು, ನೀಲಿಯ ಯಜಮಾನಿಕೆ ಉಳಿಯಿತು.

1914ರಲ್ಲಿ ಯುದ್ಧ ಬಂದು ಕತೆಗೆ ಇನ್ನೊಂದು ತಿರುವು ಕೊಟ್ಟಿತು. ಜರ್ಮನ್ ಬಣ್ಣ ನಿಂತಿತು. ಬ್ರಿಟನ್, ಅಮೆರಿಕಗಳಲ್ಲಿ ಬಣ್ಣದ ಬರ. 1916ರಲ್ಲಿ ‘ಡಾಯ್ಚ್‌ಲಾಂಡ್’ ಎಂಬ ಜರ್ಮನಿಯ ಸರಕು ಜಲಾಂತರ್ಗಾಮಿ ಬ್ರಿಟಿಷ್ ದಿಗ್ಬಂಧನದ ಅಡಿಯಿಂದ ನುಸುಳಿ ಅಮೆರಿಕದ ಬಾಲ್ಟಿಮೋರ್ ಬಂದರಿಗೆ ಬಂದಾಗ ಹೊಟ್ಟೆಯಲ್ಲಿದ್ದ ಮುಖ್ಯ ಸರಕು ಬಣ್ಣ. ಗಿಡದ ನೀಲಿಗೆ ಮತ್ತೆ ಬೆಲೆ ಏರಿತು. ಬಿಡುಗಡೆಯ ಹಣ ವಸೂಲು ಮಾಡಿದ್ದ ಪ್ಲಾಂಟರುಗಳೇ ಮತ್ತೆ ನೀಲಿ ಬಿತ್ತಿಸತೊಡಗಿದರು.

ಈ ಹೊತ್ತಿನಲ್ಲಿ, 1916ರ ಡಿಸೆಂಬರಿನ ಲಖನೌ ಕಾಂಗ್ರೆಸ್ಸಿನಲ್ಲಿ, ರಾಜಕುಮಾರ ಶುಕ್ಲ ಎಂಬ ಚಂಪಾರಣ್ ರೈತ ಗಾಂಧಿಯ ಬೆನ್ನು ಹತ್ತಿದ್ದು, 1917ರ ಏಪ್ರಿಲ್‌ನಲ್ಲಿ ಅವರು ಮೋತಿಹಾರಿಗೆ ಬಂದದ್ದು, ಜಿಲ್ಲೆ ಬಿಡುವಂತೆ ಬಂದ ಹುಕುಂ ಮೀರಿ 18ರಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡದ್ದು ಎಲ್ಲರಿಗೂ ಗೊತ್ತು. ಅಷ್ಟು ಗೊತ್ತಿಲ್ಲದ ಸಂಗತಿ, ಅವರೂ ರಾಜೇಂದ್ರ ಪ್ರಸಾದ್, ಬ್ರಜಕಿಶೋರ್ ಪ್ರಸಾದ್ ಮೊದಲಾದ ವಕೀಲರೂ ಕೂತು ಬರೆದುಕೊಂಡ ಸಾವಿರಾರು ಹೇಳಿಕೆಗಳಲ್ಲಿ ದೂರು ಇದ್ದದ್ದು ನೀಲಿ ಬೆಳೆಸಿದ್ದರ ಬಗ್ಗೆಯಷ್ಟೇ ಅಲ್ಲ, ಬೆಳೆಯದ ನೀಲಿಗೆ ಕಿತ್ತ ಹಣದ ಬಗ್ಗೆಯೂ. ಫ್ರಾಂಕ್ ಸ್ಲೈ ಅಧ್ಯಕ್ಷತೆಯ ಸಮಿತಿಯಲ್ಲಿ ಗಾಂಧಿ ಸದಸ್ಯರಾದರು. ತಾವಾನಿನಲ್ಲಿ ಶೇ 25ರಷ್ಟು ವಾಪಸು ಕೊಡುವುದೆಂದು ತೀರ್ಮಾನವಾಯಿತು. ಇಷ್ಟಕ್ಕೇ ಒಪ್ಪಿದಿರೇ ಎಂದು ಆಗಲೂ ಕೇಳಿದವರಿದ್ದರು. ಪ್ಲಾಂಟರ್ ಕೈಯಿಂದ ರೈತನಿಗೆ ಹಣ ಹಿಂದಿರುಗಿತು ಎಂಬುದೇ ಗಾಂಧಿಗೆ ಮೊತ್ತಕ್ಕಿಂತ ಮುಖ್ಯವಾಗಿತ್ತು. 1918ರ ಕಾಯಿದೆ ತೀನ್‌ಕಠಿಯಾವನ್ನು ರದ್ದು ಮಾಡಿತು. ಕೆಲವೇ ವರ್ಷಗಳಲ್ಲಿ ಪ್ಲಾಂಟರುಗಳು ಕೋಠಿ ಮಾರಿ ಹೊರಟರು.

ಕಾರ್ಖಾನೆ ಬಣ್ಣದ ಕತೆಯೂ ಸ್ವಚ್ಛವಲ್ಲ. 1895ರಲ್ಲೇ ಫ್ರಾಂಕ್‌ಫರ್ಟ್‌ನ ಶಸ್ತ್ರವೈದ್ಯ ಲುಡ್ವಿಗ್ ರೇನ್, ಫುಕ್ಸಿನ್ ಎಂಬ ಕೆನ್ನೇರಳೆ ತಯಾರಿಸುವ ಕೂಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳನ್ನು ಗುರುತಿಸಿದ್ದ. ಕಾರಣವಾದ ರಾಸಾಯನಿಕಗಳನ್ನು ಕಾರ್ಖಾನೆಗಳು ಬಿಡಲು ದಶಕಗಳೇ ಹಿಡಿದವು. ಅದೇ ಟಾರಿನ ಬಣ್ಣಗಳಿಂದ ಔಷಧಿಯೂ ಹುಟ್ಟಿತು ಎಂಬುದು ಸೇರಿಸಿ ಹೇಳಬೇಕಾದ ಮಾತು. ಜೀವಕೋಶಕ್ಕೆ ಬಣ್ಣ ಹಚ್ಚಿ ನೋಡುತ್ತಿದ್ದ ಪೌಲ್ ಏರ್ಲಿಕ್ 1891ರಲ್ಲಿ ಮೆಥಿಲೀನ್ ಬ್ಲೂವನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ಗುಣ ಕಂಡ. ಪರ್ಕಿನ್ ಹುಡುಕಿದ್ದು ಅಡ್ಡದಾರಿಯಲ್ಲಿ ಒಂದಿಷ್ಟು ಸಿಕ್ಕಿತು ಎನ್ನಬಹುದು. 1930ರ ದಶಕದ ಸಲ್ಫಾ ಮದ್ದುಗಳ ಮೊದಲನೆಯದಾದ ಪ್ರೊಂಟೊಸಿಲ್ ಕೂಡ ಒಂದು ಕೆಂಪು ಬಣ್ಣ. ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ಹಾಕುತ್ತಿದ್ದ ‘ನೀಲಿ’ ಮಾತ್ರ ಈ ಸಂತತಿಯದಲ್ಲ. ಅದು ಅಲ್ಟ್ರಾಮರೀನ್, ಕಾವಿಮಣ್ಣಿನಂತೆ ಖನಿಜದ ಪುಡಿ, ಕುಲುಮೆಯಲ್ಲಿ ಮಾಡಿದ್ದು.

20ನೇ ಶತಮಾನದ ನಡುವಿಗೆ ಕಾರ್ಖಾನೆ ನೀಲಿಗೂ ಕಾಲ ಮುಗಿಯುತ್ತಾ ಬಂದಿತ್ತು. ಬಿಸಿಲಿಗೂ ಸಾಬೂನಿಗೂ ಜಗ್ಗದ ಹೊಸ ನೀಲಿಗಳು ಬಂದಿದ್ದವು. ಅದನ್ನು ಉಳಿಸಿದ್ದು ಅದರ ದೋಷವೇ. ನೀಲಿ ನೂಲಿನ ಒಳಕ್ಕೆ ಇಳಿಯದೆ ಮೇಲ್ಮೈಯಲ್ಲಿ ಕೂರುತ್ತದೆ, ಉಜ್ಜಿದಲ್ಲಿ ಬಿಳಿಚುತ್ತದೆ. ಮಾಸಿದ ಜೀನ್ಸ್ ಹುಡುಗರಿಗೆ ಹಿಡಿಸಿದ ಮೇಲೆ ನೀಲಿಗೆ ಮತ್ತೆ ಗಿರಾಕಿ. 2002ರಲ್ಲಿ ಜಗತ್ತು ತಯಾರಿಸಿದ ಕೃತಕ ನೀಲಿ ಸುಮಾರು 17,000 ಟನ್, ಅದರ ಬಹುಪಾಲು ಡೆನಿಮ್ ನೂಲಿಗೆ. ತಮಿಳುನಾಡಿನ ತಿಂಡಿವನಂ, ವಿಲ್ಲುಪುರಂ ಕಡೆ ಈಗಲೂ ಗಿಡದ ನೀಲಿ ತೆಗೆಯುತ್ತಾರೆ, ಹೊರದೇಶಕ್ಕೂ ಹೋಗುತ್ತದೆ. ಎರಡರ ಅಣುವೂ ಒಂದೇ ಆದ್ದರಿಂದ ಗಿಡದ್ದು ಯಾವುದು, ಈಗ ಪೆಟ್ರೋಲಿಯಂನಿಂದ ಮಾಡುವ ಕಾರ್ಖಾನೆಯದು ಯಾವುದು ಎಂದು ಖಚಿತವಾಗಿ ಹೇಳಲು ಕಾರ್ಬನ್-14 ಎಣಿಸಬೇಕು. ಮೊದಲನೆಯದರಲ್ಲಿ ಇರುತ್ತದೆ, ಎರಡನೆಯದರಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಕ್ಷಯಿಸಿಹೋಗಿದೆ.

ನಮ್ಮ ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಅಲ್ಲಿನ ವಾಷಿಂಗ್ ಘಟಕಗಳಲ್ಲಿ ನಡೆಯುವುದು ನೀಲಗಾರರ ಕೆಲಸದ ತಿರುವುಮುರುವು: ಹಿಡಿದ ನೀಲಿಯನ್ನು ತೊಳೆದು, ತಿಕ್ಕಿ, ಬೇಕಾದಲ್ಲಿ ಬೇಕಾದಷ್ಟು ತೆಗೆಯುವುದು. ತೆಗೆದ ನೀಲಿ ನೀರಿನ ಜೊತೆ ಹೊರಹೋಗುತ್ತದೆ. ಆ ನೀರಿನ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿ ನೋಟಿಸು ಕೊಟ್ಟದ್ದು, ಘಟಕಗಳು ಬಾಗಿಲು ಹಾಕಿದ್ದು, ಹೊಲಿಗೆ ಕೆಲಸ ನಿಂತಿತೆಂದು ಕಾರ್ಮಿಕರು ಕೂಗೆಬ್ಬಿಸಿದ್ದು ಪತ್ರಿಕೆಗಳಲ್ಲಿ ಬಂದಿದೆ. ಶುದ್ಧೀಕರಣ ಘಟಕದ ಖರ್ಚು ಮಾಲೀಕರು ಹೊರಬೇಕೋ, ಸರ್ಕಾರ ಹೊರಬೇಕೋ ಎಂಬ ಜಗ್ಗಾಟ ನಡೆದಿರುವಾಗ, ಘಟಕ ಮುಚ್ಚಿದ ದಿನಗಳ ಕೂಲಿ ಕಳೆದುಕೊಳ್ಳುವವರು ಮನೆಯಲ್ಲಿ ಮೆಷಿನ್ ಇಟ್ಟುಕೊಂಡು ಜೇಬು, ಝಿಪ್ಪು ಹೊಲಿಯುವ ಹೆಂಗಸರು.